ಕಮಾನಿನ ನೆರಳಲ್ಲಿ ಚಾಲಕನ ನಿದ್ದೆ

ಹತ್ತೊಂಬತ್ತು ವರ್ಷಗಳಿಂದ ಪ್ರವಾಸಿ ಬಸ್ಸು ಓಡಿಸುತ್ತಿದ್ದ ಆ ಚಾಲಕ, ಅಲೆಗಳು ಬಂಡೆ ಕೊರೆದು ಮಾಡಿದ ಕಲ್ಲಿನ ಕಮಾನುಗಳ ಕಡಲತೀರಕ್ಕೆ ನೂರಾರು ಸಲ ಜನರನ್ನು ಕರೆತಂದಿದ್ದ. ತಾನು ಮಾತ್ರ ಒಮ್ಮೆಯೂ ತೀರಕ್ಕಿಳಿಯುವ ಉದ್ದನೆಯ ಮೆಟ್ಟಿಲಿಳಿದು ಹೋದವನಲ್ಲ. ಜನ ಅತ್ತ ಹೋದೊಡನೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿಬಿಡುತ್ತಿದ್ದ.

ಆ ದಿನ ಸೀಟೊಂದು ಖಾಲಿಯಿತ್ತೆಂದು ಹೆಂಡತಿಯೂ ಜೊತೆಗೆ ಬಂದಿದ್ದಳು. "ಇವತ್ತೊಂದಿನ ಇಳೀರಿ. ನಾನೊಬ್ಳೇ ಏನು ನೋಡ್ಲಿ?" ಎಂದಳು.

"ಬೆಳಗಿನ ಜಾವ ಮೂರಕ್ಕೆ ಎದ್ದೋನು ನಾನು. ಕಲ್ಲು ಎಲ್ಲಿಗೂ ಓಡಿಹೋಗಲ್ಲ ಕಣೇ."

"ಕಲ್ಲು ಹೋಗಲ್ಲ, ನೀರು ಏರಿದ್ರೆ ದಾರಿನೇ ಮುಚ್ಚುತ್ತಂತೆ. ಬನ್ನಿ."

ಅವನು ಗೊಣಗುತ್ತಲೇ ಇಳಿದ. ಸಮುದ್ರ ಹಿಂದೆ ಸರಿದು ಒದ್ದೆ ಮರಳು ಹರಡಿಕೊಂಡಿತ್ತು. ಮೊದಲ ಕಮಾನು ಮೂರಂತಸ್ತಿನ ಮನೆಯಷ್ಟು ಎತ್ತರವಿತ್ತು. "ಅಬ್ಬಾ!" ಎಂದು ತಲೆಯೆತ್ತಿದ, ಕತ್ತು ನೋಯಿತು. ಕಮಾನಿನ ನೆರಳಲ್ಲಿ ಬಂಡೆಗೊರಗಿ ಕುಳಿತವನು ಎರಡೇ ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ.

ಹೆಂಡತಿ ಎಬ್ಬಿಸಲು ಹೋದಳು. ಕಿಟಕಿಯ ಬಿಸಿಲಿಗೆ ಕಪ್ಪಾಗಿದ್ದ ಅವನ ಬಲಗೈ ಕಂಡು, ಚಾಚಿದ ಕೈ ಹಿಂತೆಗೆದುಕೊಂಡಳು. ಮುಂದಿನ ಕಮಾನುಗಳ ಕಡೆಗೆ ಹೋಗದೆ ಪಕ್ಕದಲ್ಲೇ ಕುಳಿತು, ಏರಿಬರುವ ನೀರಿನ ಮೇಲೆ ಕಣ್ಣಿಟ್ಟಳು. ಅಲೆಯೊಂದು ಅವನ ಹಿಮ್ಮಡಿ ಮುಟ್ಟಿದಾಗಲಷ್ಟೇ ಭುಜ ತಟ್ಟಿದಳು.

ಅವನು ಬೆಚ್ಚಿ ಎದ್ದ. "ಅಯ್ಯೋ, ಎಷ್ಟು ಹೊತ್ತಾಯ್ತು? ನೀನು ಎಲ್ಲಾ ನೋಡ್ಕೊಂಡು ಬಂದ್ಯಾ?"

"ಹ್ಞೂಂ, ಎಲ್ಲಾ ನೋಡ್ದೆ. ಏಳಿ," ಎಂದಳು.

ನಡುವೆ ಮೂರು ಕಡೆ ಕೂತು ಸುಧಾರಿಸಿಕೊಂಡು ಇಬ್ಬರೂ ಮೆಟ್ಟಿಲು ಹತ್ತಿದರು.