ಸಾಹೇಬನಿಗೆ ಸಲ್ಲದ ಶಲ್ಯ

ಹೋದ ತಿಂಗಳು ಕುಲಗೋಡದಿಂದ ಒಬ್ಬರು ಗೋಕಾಕದ ನಮ್ಮ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಹಳೆಯ ಕಾಗದದ ಪೊಟ್ಟಣ. ಬಿಚ್ಚಿದ ಕೂಡಲೇ ನುಸಿಗುಳಿಗೆಯ ವಾಸನೆ ಪಡಸಾಲೆ ತುಂಬಿತು. ಒಳಗೊಂದು ಶಲ್ಯ, ಹಸಿರು ಜರಿಯಂಚು, ಅಂಗಡಿಯವ ಹಾಕಿಕೊಟ್ಟ ಮಡಿಕೆ ಹಾಗೆಯೇ ಇತ್ತು. ಇಪ್ಪತ್ತು ವರ್ಷಗಳ ಹಿಂದೆ ಗೋಕಾಕದ ಪೇಟೆಯಲ್ಲಿ ನಾಲ್ಕು ಅಂಗಡಿ ಅಲೆದು ನಾನೇ ಕೊಂಡ ಶಲ್ಯ ಅದು. ಆದರೆ ಈ ಬಂದವರಿಗಾಗಿ ಕೊಂಡದ್ದಲ್ಲ. ನನ್ನ ಶಲ್ಯ ಅವರ ಹೆಗಲಿಗೆ ಹೇಗೆ ಹೋಯಿತೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಆ ವಾಸನೆಗೆ ನನಗೆ ನೆನಪಾದವರು ಮೂರನೆಯವರು... ನಮ್ಮ ಟೇಲರ್ ಕಾಕಾ. ಅವರ ಕೆಂಪು ಕೋಟಿಗೂ ಇದೇ ವಾಸನೆಯಿತ್ತು.

ನಾನು ಆಗ ಕುಲಗೋಡದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಇರುತ್ತಿದ್ದದ್ದು ಮೂಡಲಗಿಯಲ್ಲಿ, ಕಾಕಾನ ಹೊಲಿಗೆ ಅಂಗಡಿಯ ಬಾಜೂ ಖೋಲಿಯಲ್ಲಿ. ಅವರದು ಎತ್ತರದ ಆಳು, ಸುಣ್ಣ ಹಚ್ಚಿದಂಥ ಬಿಳಿ ಮೈ, ಬೆಕ್ಕಿನ ಕಣ್ಣು. ಇಷ್ಟೇ ಸಾಕಾಯಿತು ಅವರ ಹಣೆಬರಹ ಬರೆಯಲು. ಹದಿನೆಂಟನೆಯ ವಯಸ್ಸಿಗೆ ಯಾರೋ ಒಂದು ನಾಟಕದಲ್ಲಿ ಬ್ರಿಟಿಷ್ ಸಾಹೇಬನ ಪಾತ್ರ ಕೊಟ್ಟರು, ಆಮೇಲೆ ಮೂವತ್ತು ವರ್ಷ ಬೇರೆ ಪಾತ್ರವೇ ಸಿಗಲಿಲ್ಲ. ಹುಕ್ಕೇರಿಯಿಂದ ಕೌಜಲಗಿಯವರೆಗೆ ಯಾವ ಊರಿನ ನಾಟಕದಲ್ಲಿ ಸಾಹೇಬನಿದ್ದರೂ ಮೂಡಲಗಿಗೆ ಕರೆ ಬರುತ್ತಿತ್ತು. ಕೋಟನ್ನು ಅವರೇ ಹೊಲಿದುಕೊಂಡಿದ್ದರು, ಗುಂಡಿಗಳು ಮಾತ್ರ ಮದುವೆಯ ಬ್ಯಾಂಡಿನವರ ಹಳೆಯ ಅಂಗಿಯಿಂದ ಕಿತ್ತವು.

ಕುಲಗೋಡದ ಹುಡುಗರು ನಾಟಕ ಮಾಡುತ್ತೇವೆಂದಾಗ, ಓದಲು ಬರುತ್ತದೆ ಎಂಬ ಒಂದೇ ತಪ್ಪಿಗೆ ನನ್ನನ್ನು ಹಿಡಿದು ಪುಸ್ತಕದ ಮುಂದೆ ಕೂರಿಸಿದರು. ಪರದೆಯ ಮರೆಯಲ್ಲಿ ಕೂತು ಮಾತು ಎತ್ತಿಕೊಡುವುದು ನನ್ನ ಕೆಲಸ. ಆಮೇಲೆ ಸುತ್ತಲಿನ ಊರುಗಳವರೂ ಅದೇ ಕೆಲಸಕ್ಕೆ ಕರೆದರು. ಹೀಗಾಗಿ ಕಾಕಾನನ್ನು ನಾನು ಹತ್ತಾರು ನಾಟಕಗಳಲ್ಲಿ ಪಕ್ಕದಿಂದಲೇ ನೋಡಿದೆ. ಎದುರಿಗೆ ಕೂತವರಿಗೆ ಕಾಣದ ಎಷ್ಟೋ ಸಂಗತಿಗಳು ಪಕ್ಕದಿಂದ ಕಾಣುತ್ತವೆ, ನನಗೋ ಮೊದಲೇ ಮೂಗು ತೂರಿಸುವ ಚಟ.

ಜನ್ಮದಲ್ಲಿ ಒಬ್ಬ ಇಂಗ್ಲಿಷ್ ಸಾಹೇಬನನ್ನೂ ಕಾಣದ ಈ ಮನುಷ್ಯ ಆ ನಡಿಗೆಯನ್ನು ಎಲ್ಲಿಂದ ತಂದರು? ಕೇಳಿ ಕೇಳಿ ಒಂದು ದಿನ ಬಾಯಿ ಬಿಡಿಸಿದೆ. ಕೊಣ್ಣೂರಿನಲ್ಲಿ ಒಬ್ಬ ಮುದುಕರಿದ್ದರಂತೆ, ಹಿಂದಿನ ಕಾಲದಲ್ಲಿ ಯಾವನೋ ಬಿಳಿಯ ಅಧಿಕಾರಿಗೆ ಜವಾನರಾಗಿದ್ದವರು. ಅವರ ಮುಂದೆ ಮೂರು ದಿನ ಕೂತು ಕಾಕಾ ಕೇಳಿದ್ದು ಒಂದೇ ಮಾತು, ಸಾಹೇಬ ಹೇಗೆ ನಡೆಯುತ್ತಿದ್ದ? ಮುದುಕರು ಯೋಚಿಸಿ, ಅವನು ಎಂದೂ ಕಾಲ ಕೆಳಗೆ ನೋಡಿ ನಡೆಯುತ್ತಿರಲಿಲ್ಲ ಅಂದರಂತೆ. ಅಷ್ಟನ್ನೇ ಕಾಕಾ ಗಟ್ಟಿಯಾಗಿ ಹಿಡಿದರು. ಹುಕ್ಕೇರಿಯಲ್ಲಿ ಒಮ್ಮೆ ಹೀಗೆ ತಲೆಯೆತ್ತಿ ನಡೆಯುತ್ತಲೇ ರಂಗದ ಅಂಚು ದಾಟಿ ಹಾರ್ಮೋನಿಯಂ ಮಾಸ್ತರರ ತೊಡೆಯ ಮೇಲೆ ಬಿದ್ದರು. ಬಿದ್ದಲ್ಲಿಂದಲೇ, ಕೆಳಗೆ ನೋಡದೆ, ಸಿಪಾಯಿಗಳಿಗೆ ಆಜ್ಞೆ ಕೊಟ್ಟರು. ಅದು ನಾಟಕದ ಭಾಗವೆಂದೇ ಮಂದಿ ತಿಳಿದರು.

ಅವರ ಇಂಗ್ಲಿಷ್ ಇನ್ನೊಂದು ಸೋಜಿಗ. ನಾಯಕನಿಗೆ ಗಲ್ಲು ಬರೆಯುವಾಗ ಅವರು ಒಂದೇ ಉಸಿರಿಗೆ ಹರಿಸುತ್ತಿದ್ದ ಇಂಗ್ಲಿಷಿಗೆ ಹೆಂಗಸರು ಮಕ್ಕಳನ್ನು ಅಪ್ಪಿಕೊಳ್ಳುತ್ತಿದ್ದರು. ಪರದೆಯ ಮರೆಯಲ್ಲಿ ನಾನು ಕಿವಿಗೊಟ್ಟು ಕೇಳಿದಾಗ, ಅದು ಹೊಲಿಗೆ ಯಂತ್ರದ ಜೊತೆ ಬರುವ ಚೀಟಿ! ಎಣ್ಣೆ ಎಲ್ಲಿ ಬಿಡಬೇಕು, ಸೂಜಿ ಹೇಗೆ ಬದಲಿಸಬೇಕು ಎಂಬ ಪಾಠವನ್ನು ಅಕ್ಷರ ಅಕ್ಷರ ಕೂಡಿಸಿ ಬಾಯಿಪಾಠ ಮಾಡಿದ್ದರು. ಮಾಸ್ತರನ ಜಂಬದಿಂದ ನಾನೊಂದು ಸರಿಯಾದ ಇಂಗ್ಲಿಷ್ ಮಾತು ಬರೆದುಕೊಟ್ಟೆ. ಒಂದು ನಾಟಕದಲ್ಲಿ ಹೇಳಿಯೂ ನೋಡಿದರು. ಯಾರೂ ಅಂಜಲಿಲ್ಲ. ಮುಂದಿನ ನಾಟಕಕ್ಕೆ ಮತ್ತೆ ಎಣ್ಣೆ, ಸೂಜಿ ಬಂದವು, ನಾನೂ ತೆಪ್ಪಗಾದೆ.

ಬಣ್ಣ ಹಚ್ಚುವ ಮೊದಲು ಹಣೆಯ ವಿಭೂತಿಯನ್ನು ಒದ್ದೆ ಅರಿವೆಯಿಂದ ಒರೆಸುವಾಗ ಮಾತ್ರ ಅವರು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಕೊರಳ ಲಿಂಗ ಕೋಟಿನ ಒಳಗೆ ಹೋಗುತ್ತಿತ್ತು. ಆಮೇಲೆ ಅವರು ನಮ್ಮವರಲ್ಲ.

ನಮ್ಮ ಕಡೆಯ ನಾಟಕ ನೋಡದವರಿಗೆ ಒಂದು ರೂಢಿ ಹೇಳಬೇಕು. ನಾಟಕ ನಡೆದಿರುವಾಗಲೇ ಪಾತ್ರಧಾರಿಯ ಬೀಗರು, ಗೆಳೆಯರು ಹಾರ, ಟಾವೆಲ್, ಶಲ್ಯ ಹಿಡಿದು ರಂಗಕ್ಕೆ ಏರುತ್ತಾರೆ. ಇದು ಆಯೇರಿ. ಆಟ ಅಲ್ಲಿಗೇ ನಿಲ್ಲುತ್ತದೆ, ಮೈಕಿನವ ಹೆಸರು ಕೂಗುತ್ತಾನೆ, ಪಾತ್ರಧಾರಿ ಕೈ ಮುಗಿಯುತ್ತಾನೆ, ಮತ್ತೆ ಆಟ ಮುಂದುವರಿಯುತ್ತದೆ. ಗಲ್ಲಿಗೆ ಹೊರಟ ನಾಯಕ ಕೊರಳ ತುಂಬ ಹಾರ ಹಾಕಿಕೊಂಡು ನಿಂತಿರುತ್ತಾನೆ, ಅವನನ್ನು ಗಲ್ಲಿಗೆ ಹಾಕುವ ಸಾಹೇಬ ಬದಿಗೆ ಸರಿದು, ಕೈ ಹಿಂದೆ ಕಟ್ಟಿ, ಬೀಗರೆಲ್ಲ ಇಳಿಯುವವರೆಗೆ ಕಾಯುತ್ತಾನೆ. ರಾಜನಿಗೆ ಆಯೇರಿ ಬರುತ್ತಿತ್ತು, ರಾಣಿಗೆ, ಹಾಸ್ಯಗಾರನಿಗೆ, ಮೂಕ ಸಿಪಾಯಿಗೂ ಬರುತ್ತಿತ್ತು. ಸಾಹೇಬನಿಗೆ ಮಾತ್ರ ಮೂವತ್ತು ವರ್ಷದಲ್ಲಿ ಒಂದು ಕರವಸ್ತ್ರವೂ ಬಂದಿರಲಿಲ್ಲ. ಗಲ್ಲಿಗೆ ಹಾಕುವವನಿಗೆ ಆಯೇರಿ ಮಾಡಿದರೆ ಗಲ್ಲನ್ನು ಒಪ್ಪಿಕೊಂಡಂತೆ ಎಂದು ಹಿರಿಯರ ಎಣಿಕೆ. ಒಮ್ಮೆ ಕಾಕಾನ ಅಳಿಯನೊಬ್ಬ ಏರಲು ಹೋದಾಗ ಮಂದಿ ಕೂಗಿ ಕೆಳಗಿಳಿಸಿದ್ದರಂತೆ.

ಕಾಕಾನ ಆಸೆ ಇದೊಂದೇ ಆಗಿತ್ತು. ನಾಟಕ ಮುಗಿದ ಮೇಲೆ ಊರವರು ಕರೆದು ಟಾವೆಲ್ ಹೊದಿಸಲು ಬಂದರೆ ನಯವಾಗಿ ಹಿಂದಿರುಗಿಸುತ್ತಿದ್ದರು. ಇದೇನು ಜಂಬ ಎಂದು ನಾನು ರೇಗಿಸಿದ್ದಕ್ಕೆ ಕತ್ತರಿ ಕೆಳಗಿಟ್ಟು ಹೇಳಿದರು.

"ಬಣ್ಣ ತಗದ ಮ್ಯಾಲ ಕೊಟ್ರ ಅದು ಟೇಲರ್‌ಗ ಕೊಟ್ಟಂಗ್ರಿ, ಗುರುಗಳ. ಟೇಲರ್‌ಗ ಏನ್ ಅರಿವಿ ಕಡಿಮಿ ಐತೇನ್ರಿ? ಸಾಹೇಬಗ ಕೊಡ್ರಿ, ತಗೋತೇನಿ."

ಹಾಗೆ ಕೊಟ್ಟರೆ ಸಾಹೇಬ ಹೇಗೆ ಸ್ವೀಕರಿಸಬೇಕು ಎಂಬುದನ್ನೂ ಅವರು ಯೋಚಿಸಿಟ್ಟಿದ್ದರು. ಕೈ ಮುಗಿಯುವಂತಿಲ್ಲ, ಸಾಹೇಬ ಕೈ ಮುಗಿಯುವವನಲ್ಲ. ಸುಮ್ಮನೆ ನಿಂತರೆ ಕೊಟ್ಟವರಿಗೆ ಅವಮಾನ. ಅಂಗಡಿಯ ಕನ್ನಡಿಯ ಮುಂದೆ ನಿಂತು ನನಗೆ ಮಾಡಿ ತೋರಿಸಿದರು. ಬಲಗೈಯಿಂದ ಹ್ಯಾಟು ತೆಗೆದು, ಎದೆಗೆ ಒತ್ತಿ, ಕುತ್ತಿಗೆಯನ್ನು ಒಂದಿಷ್ಟೇ ಬಾಗಿಸಿದರು. ಕಣ್ಣು ಮಾತ್ರ ಕೆಳಗಿಳಿಯಲಿಲ್ಲ. ನನಗೆ ನಗು ಬಂದಿತ್ತು, ಅವರ ಮುಖ ನೋಡಿ ನುಂಗಿಕೊಂಡೆ.

ಆ ನಡುವೆ ಟಿವಿಯವರು ಗೋಕಾಕದ ಫಾಲ್ಸಿಗೆ ಧಾರಾವಾಹಿ ತೆಗೆಯಲು ಬಂದರು. ಅವರಿಗೊಬ್ಬ ಬ್ರಿಟಿಷ್ ಅಧಿಕಾರಿ ಬೇಕಾಗಿತ್ತು, ಯಾರೋ ಕಾಕಾನ ಹೆಸರು ಹೇಳಿದರು. ಎರಡು ದಿನ ತೂಗುಸೇತುವೆಯ ಮೇಲೆ ನಡೆಸಿ ನಡೆಸಿ ತೆಗೆದರಂತೆ. ಆಮೇಲೆ ಇನ್ನೆರಡು ಧಾರಾವಾಹಿಗೂ ಕರೆದರು. ಮೊದಲನೆಯದು ಬಂದ ಸಂಜೆ ಮೂಡಲಗಿಯ ಅರ್ಧ ಪೇಟೆ ಅಂಗಡಿಯ ಮುಂದೆ ನೆರೆದಿತ್ತು. ಕಾಕಾ ಟಿವಿಯಲ್ಲಿ ಬಂದರು, ಸೇತುವೆ ದಾಟಿದರು, ಬಾಯಿ ತೆರೆದರು. ಹೊರಬಂದದ್ದು ಬೇರೆ ಯಾರದೋ ದನಿ, ಅಚ್ಚ ಇಂಗ್ಲಿಷ್. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಮಾತ್ರ ಚಹದ ಕಪ್ಪು ಹಿಡಿದು ತೆರೆಯನ್ನೇ ನೋಡುತ್ತ ಕೂತಿದ್ದರು. "ಚಲೋ ತಗದಾರ್ರಿ," ಅಂದರು ಆಮೇಲೆ. "ಆದ್ರ ಆಯೇರಿ ಹಿಡಕೊಂಡು ಬರಾವ ಅಲ್ಲಿ ಎಲ್ಲಿ ಹತ್ತಬೇಕು?"

ಆ ಮಾತು ನನ್ನನ್ನು ಬಿಡಲಿಲ್ಲ. ಮುಂದಿನ ನಾಟಕ ಕೌಜಲಗಿಯಲ್ಲಿತ್ತು, ನಾಯಕನ ಪಾತ್ರ ಕುಲಗೋಡದವರೊಬ್ಬರದು. ನಾನು ಗೋಕಾಕದ ಪೇಟೆಗೆ ಹೋಗಿ ಆ ಹಸಿರು ಜರಿಯಂಚಿನ ಶಲ್ಯ ತಂದೆ, ಯಾರಿಗೂ ಹೇಳದೆ ನಾಟಕದ ಪುಸ್ತಕದ ಕೆಳಗೆ ಇಟ್ಟುಕೊಂಡು ಕೂತೆ. ಗಲ್ಲಿನ ದೃಶ್ಯ ಬಂತು. ಕಾಕಾ ಗಲ್ಲು ಬರೆದು ಬದಿಗೆ ಸರಿದರು. ನಾಯಕನ ಬೀಗರು ಸಾಲುಹಿಡಿದು ಏರತೊಡಗಿದರು. ಇದೇ ಹೊತ್ತು ಎಂದು ನಾನು ಪರದೆ ಸರಿಸಿ ಹೊರಗೆ ಬಂದೆ. ನಾಟಕವಿಡೀ ಮರೆಯಲ್ಲಿ ಕೂರುವವನು ಬೆಳಕಿಗೆ ಬಂದದ್ದಕ್ಕೆ ಮಂದಿಗೆ ನಗು. ನಾನು ಕಾಕಾನ ಕಡೆಗೆ ನಾಲ್ಕು ಹೆಜ್ಜೆ ಇಟ್ಟೆ. ಅವರು ನನ್ನ ಕೈಯಲ್ಲಿದ್ದುದನ್ನು ನೋಡಿದರು. ಬಲಗೈ ಮೆಲ್ಲಗೆ ಹ್ಯಾಟಿಗೆ ಹೋಯಿತು, ಹ್ಯಾಟು ತಲೆಯಿಂದ ಎದ್ದಿತು...

ಆಗ ಮೈಕಿನವ ನನ್ನ ತೋಳು ಹಿಡಿದು ತಿರುಗಿಸಿದ. ಶಲ್ಯ ಹಿಡಿದವನು ನಾಯಕನಿಗಲ್ಲದೆ ಇನ್ನಾರಿಗೆ ಬಂದಿರಬೇಕು? ಅವನದೇನೂ ತಪ್ಪಿಲ್ಲ, ಅವನ ಜಾಗದಲ್ಲಿ ಯಾರಿದ್ದರೂ ಹಾಗೆಯೇ ತಿಳಿಯುತ್ತಿದ್ದರು. ಕುಲಗೋಡದ ಗುರುಗಳಿಂದ ನಮ್ಮ ನಾಯಕರಿಗೆ ಆಯೇರಿ ಎಂದು ಕೂಗಿ, ನನ್ನ ಕೈಯಿಂದ ಶಲ್ಯ ತೆಗೆದು ಮಡಿಕೆ ಬಿಚ್ಚದೆಯೇ ನಾಯಕನ ಹೆಗಲಿಗೆ ಹಾಕಿಬಿಟ್ಟ. ಸೀಟಿ, ಚಪ್ಪಾಳೆ. ಇದು ಇವರಿಗಲ್ಲ, ಅವರಿಗೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಎಲ್ಲರ ಮಾತನ್ನೂ ಎತ್ತಿಕೊಡುತ್ತಿದ್ದ ನನಗೆ ನನ್ನ ಮಾತೇ ಬರಲಿಲ್ಲ. ಮಂದಿಗೆ ಅಂಜಿದೆ, ಅಷ್ಟೇ. ತಿರುಗಿ ನೋಡಿದಾಗ ಕಾಕಾ ಅರ್ಧ ಎತ್ತಿದ್ದ ಹ್ಯಾಟಿನ ಕೆಳಗೆ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು. ಬೆವರು ಒರೆಸಲಿಕ್ಕೇ ಹ್ಯಾಟು ಎತ್ತಿದ್ದು ಎಂಬಂತೆ.

ಮರುದಿನ ನಾನು ಖೋಲಿಯಿಂದ ಹೊರಬೀಳಲಿಲ್ಲ. ಅವರೇ ಬಂದು ಬಾಗಿಲಲ್ಲಿ ನಿಂತರು. "ನೀವು ನನ್ನ ಕಡೆ ಬರಾಕತ್ತಿದ್ದು ನೋಡೇನ್ರಿ. ಅಷ್ಟ ಸಾಕ್ರಿ ನನಗ." ಅಷ್ಟು ಹೇಳಿ ಹೋದರು. ಅಷ್ಟು ಸಾಕಾಗಿರಲಿಲ್ಲ ಎಂಬುದು ನನಗೆ ಗೊತ್ತು. ಮುಂದಿನ ನಾಟಕಕ್ಕೆ ತಪ್ಪದೆ ಮಾಡಬೇಕೆಂದುಕೊಂಡೆ. ಅಷ್ಟರಲ್ಲಿ ನನಗೆ ಹುಕ್ಕೇರಿ ಕಡೆ ವರ್ಗವಾಯಿತು. ನಾಟಕಗಳೂ ಕಡಿಮೆಯಾದವು. ಕಾಕಾನ ಮೊಣಕಾಲು ಸೋತವು... ತಲೆಯೆತ್ತಿ ನಡೆಯುವವರಿಗೆ ಮೊಣಕಾಲು ಗಟ್ಟಿ ಇರಬೇಕು. ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ ನಾನು ಮೂಡಲಗಿಗೆ ಹೋಗಿದ್ದೆ. ಹಣೆಯ ತುಂಬ ವಿಭೂತಿಯಿತ್ತು. ಬಂದವರೆಲ್ಲ ಹೊಸ ಅರಿವೆ ಹೊದಿಸುತ್ತಿದ್ದರು, ನಾನು ಬರಿಗೈಯಲ್ಲಿ ನಿಂತಿದ್ದೆ.

ಈಗ ಶಲ್ಯ ತಂದವರು ಆ ನಾಯಕನೇ. ಕಬ್ಬಿನ ಕೆಲಸ ಮಕ್ಕಳಿಗೆ ಬಿಟ್ಟು ಮನೆಯಲ್ಲಿರುತ್ತಾರಂತೆ, ಟ್ರಂಕು ತೆಗೆದಾಗ ಮತ್ತೆ ಕೈಗೆ ಸಿಕ್ಕಿತಂತೆ. "ಇದು ನಂದಲ್ಲ ಅಂತ ಅವತ್ತ ಗೊತ್ತಿತ್ತರಿ, ಗುರುಗಳ. ನಿಮ್ಮ ಕಾಲು ಯಾ ಕಡೆ ಹೊಂಟಿತ್ತ ಅನ್ನೂದ ನೋಡೇನಿ. ಮಂದಿ ಸೀಟಿ ಹೊಡ್ಯಾಕತ್ತಿದ್ರು, ಹೆಗಲ ಮ್ಯಾಲ ಹಾಕ್ಕೊಂಡ ನಿಂತಬಿಟ್ಟೆ." ಒಂದು ದಿನವೂ ಅದನ್ನು ಹಾಕಿಕೊಳ್ಳಲು ಅವರಿಗೆ ಮನಸ್ಸು ಬಂದಿರಲಿಲ್ಲ.

ಇಬ್ಬರೂ ಮೂಡಲಗಿಯ ಬಸ್ಸು ಹತ್ತಿದೆವು. ಅಂಗಡಿ ಈಗ ಮೊಬೈಲಿನವರಿಗೆ ಬಾಡಿಗೆಗಿದೆ, ಹಿಂದಿನ ಮನೆಯಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಇದ್ದಾರೆ. ಗಂಡನನ್ನು ಮಂದಿ ಬೈಯುವುದನ್ನು ಕೇಳಲಾರೆ ಎಂದು ಒಂದು ನಾಟಕಕ್ಕೂ ಬಾರದವರು ಅವರು. ಗೋಡೆಯ ಮೊಳೆಗೆ ಕೆಂಪು ಕೋಟು, ಮೇಲಿನ ಮೊಳೆಗೆ ಹ್ಯಾಟು. ಸಾಹೇಬನೆಂದರೆ ಇನ್ನು ಉಳಿದದ್ದು ಇಷ್ಟೇ. ನಾನು ಮಡಿಕೆ ಬಿಚ್ಚಿ ಶಲ್ಯವನ್ನು ಕೋಟಿನ ಹೆಗಲಿಗೆ ಹಾಕಿದೆ. ನಾಯಕರು ಕೈ ಮುಗಿದರು. ನನಗೆ ಅಳು ಬಂತು, ತಡೆಯಲಿಲ್ಲ.

ಕಾಕು ಶಲ್ಯದ ಅಂಚು ಸರಿಪಡಿಸಿ, ಕೈ ಚಾಚಿ ಹ್ಯಾಟು ಕೆಳಗಿಳಿಸಿದರು. ಅದನ್ನು ಎದೆಗೆ ಒತ್ತಿ ಹಿಡಿದು ಕುತ್ತಿಗೆಯನ್ನು ಒಂದಿಷ್ಟೇ ಬಾಗಿಸಿದರು.

"ಹಿಂಗ ದಿನಾ ಕನ್ನಡಿ ಮುಂದ ನಿಂತು ಮಾಡ್ತಿದ್ರು. ನಾ ನಾಟಕ ನೋಡಿದಾಕಿ ಅಲ್ಲ... ಇದು ಯಾ ಸೀನಿನಾಗ ಬರತಿತ್ರಿ, ಗುರುಗಳ?"

ಆ ನಾಟಕದ ಪುಸ್ತಕ ಈಗಲೂ ನನಗೆ ಮೊದಲಿಂದ ಕೊನೆಯವರೆಗೆ ಬಾಯಿಪಾಠ. ನಾಯಕರು ನನ್ನ ಮುಖ ನೋಡಿದರು, ರಂಗದ ಮೇಲೆ ಮಾತು ಮರೆತಾಗಲೆಲ್ಲ ನೋಡುತ್ತಿದ್ದ ಹಾಗೆಯೇ.

"ಕಡೀ ಸೀನಿನಾಗ್ರಿ," ಅಂದೆ. "ಹೌದ್ರಿ," ಅಂದರು ನಾಯಕರು, "ಭಾಳ ಚಲೋ ಮಾಡ್ತಿದ್ರು."

ಕಾಕು ತಲೆಯಾಡಿಸಿ ಹ್ಯಾಟನ್ನು ಮೊಳೆಗೆ ಹಾಕಿದರು. ಪುಸ್ತಕದಲ್ಲಿಲ್ಲದ ಮಾತನ್ನು ನಾನು ಎತ್ತಿಕೊಟ್ಟದ್ದು ಅದೊಂದೇ ಸಲ, ಅದೂ ಕಾಕಾ ಹೋದ ಮೇಲೆ.