ಬೆರಳು ಮರೆಯದ ಸಾಲು

ಟಿಂಗ್.

ಸಾಲು ಮುಗಿಯಲು ಇನ್ನೈದಾರು ಅಕ್ಷರ ಉಳಿದಿವೆ ಎಂದು ಟೈಪ್‌ರೈಟರಿನ ಗಂಟೆ ಹೇಳಿತು. ನ್ಯಾಯಾಲಯದ ಗೋಡೆಗೆ ಒರಗಿದ ತಗಡಿನ ಸೂರಿನ ಕೆಳಗೆ ಈ ಸದ್ದು ಮೂವತ್ತೆರಡು ವರ್ಷದಿಂದ ಕೇಳುತ್ತಿದೆ. ಅಲ್ಲಿ ಅರ್ಜಿ ಟೈಪ್ ಮಾಡಿಕೊಡುವವನಿಗೆ ಟಿಂಗಣ್ಣ ಎಂಬ ಹೆಸರು ಬಂದದ್ದೂ ಅದರಿಂದಲೇ. ತಾಯಿ ಇಟ್ಟ ಹೆಸರು ಈಗ ಮತದಾರರ ಪಟ್ಟಿಯಲ್ಲಿ ಮಾತ್ರ ಇದೆ.

ಟೈಪ್ ಕಲಿಸಿದ ಮೇಷ್ಟ್ರು ಒಂದೇ ಬುದ್ಧಿ ಹೇಳಿದ್ದರು: "ಕಣ್ಣು ಹಾಳೆ ಮೇಲಿರ್ಲಿ, ಮನಸ್ಸು ಮನೇಲಿರ್ಲಿ. ಓದ್ಕೊಂಡು ಹೊಡೆದ್ರೆ ಅಳು ಬರುತ್ತೆ, ಅತ್ರೆ ಅಕ್ಷರ ತಪ್ಪುತ್ತೆ." ಟಿಂಗಣ್ಣ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಜಪ್ತಿ, ವಿಚ್ಛೇದನ, ಅಣ್ಣತಮ್ಮಂದಿರ ಪಾಲು, ಎಲ್ಲವೂ ಕೊಡೆಯ ಮೇಲಿನ ಮಳೆಯ ಹಾಗೆ ಜಾರಿಹೋದವು. ಸಂಜೆ ಮಗಳು "ಇವತ್ತೇನು ಹೊಡೆದೆ ಅಪ್ಪ?" ಎಂದರೆ "ಹನ್ನೆರಡು ಹಾಳೆ" ಎನ್ನುತ್ತಿದ್ದ.

ಇವತ್ತು ಎದುರಿಗೆ ಕೂತವಳು ಇಸ್ತ್ರಿ ಮಾಡಿ ಬದುಕುವ ಮುದುಕಿ. ಅವಳ ಮಗ ಆರು ವರ್ಷದ ಹಿಂದೆ ಗೋದಾಮಿಗೆ ಕಳ್ಳತನಕ್ಕೆ ನುಗ್ಗಿ, ಕಾವಲುಗಾರನನ್ನೂ ಅವನ ಹೆಂಡತಿಯನ್ನೂ ಕೊಂದಿದ್ದ. ಗಲ್ಲು ಕಾಯಂ ಆಗಿತ್ತು. ಕ್ಷಮೆ ಕೋರುವ ಅರ್ಜಿ ಇವತ್ತು ಐದು ಗಂಟೆಯೊಳಗೆ ಎದುರು ಕಚೇರಿಯ ಕಿಟಕಿ ಮುಟ್ಟದಿದ್ದರೆ ಇದ್ದ ಒಂದು ದಾರಿಯೂ ಮುಚ್ಚುತ್ತಿತ್ತು. ವಕೀಲ ಕೈಯಲ್ಲಿ ಬರೆದುಕೊಟ್ಟ ಕರಡು ಟಿಂಗಣ್ಣನ ಎಡಕ್ಕಿತ್ತು.

"ವಯಸ್ಸು ಹಾಕಿದೀಯಾ ಅಪ್ಪ? ಆಗ ಅವನಿಗೆ ಇಪ್ಪತ್ತೊಂದು."

"ಹಾಕಿದೀನಮ್ಮ."

"ಒಂದ್ಸಲ ಓದಿ ಹೇಳು. ನನಗೆ ಅಕ್ಷರ ಬರಲ್ಲ."

ತಾನು ಹೊಡೆದದ್ದನ್ನು ಓದುವುದು ಅವನಿಗೆ ಅಭ್ಯಾಸವಿರಲಿಲ್ಲ. ಕೇಸಿನ ನಂಬರು ಓದಿದ, ಸತ್ತವರ ಹೆಸರು ಓದಿದ. ಕೊನೆಯ ಸಾಲಿಗೆ ಬಂದ: "ಆದ್ದರಿಂದ ಈ ಕ್ರೂರಿಗೆ ಯಾವ ದಯೆಯನ್ನೂ..."

ನಾಲಿಗೆ ನಿಂತಿತು. ಕರಡನ್ನು ನೋಡಿದ. ಅಲ್ಲಿದ್ದದ್ದು "ದಯೆ ತೋರಿ ಪ್ರಾಣಭಿಕ್ಷೆ ನೀಡಬೇಕೆಂದು."

"ಯಾಕೆ ನಿಲ್ಲಿಸ್ದೆ?"

"ಒಂದಕ್ಷರ ತಪ್ಪಿದೆಯಮ್ಮ," ಎಂದು ಹಾಳೆ ಮುದುರಿದ. ಹೊಸ ಹಾಳೆ ಹಾಕಿದ. ಅದೇ ನಂಬರು, ಅದೇ ಹೆಸರುಗಳು; ಕೊನೆಗೆ ಬರುತ್ತಿದ್ದಂತೆ ಬೆರಳುಗಳು ಮತ್ತೆ ತಾವಾಗಿಯೇ "ಈ ಕ್ರೂರಿಗೆ" ಎಂದು ಓಡಿದವು.

"ಹಾಳೆ ಹೊಡೀತೀಯೋ ತಿಂತೀಯೋ?" ಪಕ್ಕದ ಮೇಜಿನ ಸ್ಟಾಂಪ್ ಮಾರುವವಳು ನಕ್ಕಳು.

ಆಗ ನೆನಪಾಯಿತು. ಹಿಂದಿನ ಬೀದಿಯ ಬೀಗ ರಿಪೇರಿಯವನು. ಸತ್ತ ಹೆಂಗಸಿನ ಅಪ್ಪ. ಕೊಂದವನಿಗೆ ದಯೆ ಬೇಡವೆಂದು ಹನ್ನೊಂದು ಕಚೇರಿಗಳಿಗೆ ಹನ್ನೊಂದು ಸಲ ಒಂದೇ ಅರ್ಜಿ ಹೊಡೆಸಿದ್ದ. ಟಿಂಗಣ್ಣ ಒಂದನ್ನೂ ಓದಿರಲಿಲ್ಲ. ಬೆರಳು ಹನ್ನೊಂದನ್ನೂ ಓದಿತ್ತು.

ಸ್ಟಾಂಪಿನವಳತ್ತ ಬಾಗಿ ಪಿಸುಗುಟ್ಟಿದ, "ಅಕ್ಕ, ಆ ಬೀಗದವರದ್ದೂ ನಾನೇ ಹೊಡೆದದ್ದು."

"ಅದಕ್ಕೇನೀಗ? ಎರಡಕ್ಕೂ ಸ್ಟಾಂಪ್ ಕೊಟ್ಟೋಳು ನಾನು. ನಿದ್ದೆ ಕೆಟ್ಟಿದೀನಾ?"

"ಹಾಗಾದ್ರೆ ನಾನು ಯಾರ ಕಡೆ?"

"ನೀನು ಮಿಷನ್ ಕಡೆ. ಗಂಟೆ ನಾಲ್ಕೂವರೆ ಆಯ್ತು, ಹೊಡಿ ಮಾರಾಯ."

ಮೂರನೆಯ ಹಾಳೆಯ ಕೊನೆಯ ಸಾಲನ್ನು ಅವನು ಒಂದೇ ಬೆರಳಿನಲ್ಲಿ, ಕೀಲಿ ಹುಡುಕಿ ಹುಡುಕಿ ಹೊಡೆದ. ದ. ಯೆ. ಒಂದೊಂದು ಅಕ್ಷರಕ್ಕೂ ಯಾರೋ ಕೈ ಹಿಡಿದು ಎಳೆದಂತಾಗುತ್ತಿತ್ತು. ಬೇಡವೆನ್ನಲೋ ಬೇಗ ಎನ್ನಲೋ ತಿಳಿಯದು.

"ಹೊಸದಾಗಿ ಕಲಿಯೋರ ಥರ ಹೊಡೀತೀಯಲ್ಲಪ್ಪ," ಎಂದಳು ಮುದುಕಿ.

ಸಾಲು ಮುಗಿಯಿತು. ಅವಳ ಹೆಬ್ಬೆಟ್ಟು ಒತ್ತಿಸಿ ಹಾಳೆಯನ್ನು ಲಕೋಟೆಗೆ ಹಾಕಿದ. ಅವಳು ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು:

"ಸತ್ತ ಆ ಹುಡುಗಿಯ ಅಪ್ಪ ಇಲ್ಲೇ ಹಿಂದೆ ಬೀಗದಂಗಡಿ ಇಟ್ಟಿದ್ದಾರೆ. ಕಾಲು ಹಿಡಿಯೋಣ ಅಂತ ಹೋಗಿದ್ದೆ. ಗುರುತು ಸಿಗಲಿಲ್ಲ ಅವರಿಗೆ. 'ಏನು ಬೇಕಮ್ಮ?' ಅಂದ್ರು. ಒಂದು ಬೀಗ ತಗೊಂಡು ಬಂದ್ಬಿಟ್ಟೆ. ಎಂಥ ಮನುಷ್ಯ ಅಪ್ಪ ಅವರು? ನೀನು ನೋಡಿದೀಯಾ?"

ಟಿಂಗಣ್ಣ ಲಕೋಟೆ ಹಿಡಿದು ಎದ್ದ. ಗಂಟೆ ಐದಕ್ಕೆ ಹತ್ತು ನಿಮಿಷವಿತ್ತು. ಅದಕ್ಕೇ ಎದ್ದನೋ, ಆ ಪ್ರಶ್ನೆಗೆ ಎದ್ದನೋ, ಅವನಿಗೇ ಗೊತ್ತಾಗಲಿಲ್ಲ.

"ಬೀಗ ಮಾತ್ರ ಗಟ್ಟಿ ಕೊಟ್ಟಿದ್ದಾರಪ್ಪ, ಸುಳ್ಳು ಹೇಳಬಾರದು. ಮೊನ್ನೆ ನಾನೇ ಕೀಲಿ ಕಳ್ಕೊಂಡು..."

ಅವಳು ಹೇಳುತ್ತಲೇ ಇದ್ದಳು. ಅವನು ಆಗಲೇ ರಸ್ತೆಯ ನಡುವೆ ಇದ್ದ.