ಅಣ್ಣನ ಕೊರಳಿಗೆ ಕೆಮ್ಮಣ್ಣು

ನಮ್ಮೂರು ದರಿಬಡಚಿಯಲ್ಲಿ ಮೇಯಲು ಬಿಟ್ಟ ಕುರಿಹಿಂಡುಗಳು ಬೆರೆತುಹೋಗುತ್ತಿದ್ದವು. ಅದಕ್ಕೇ ಒಂದೊಂದು ಮನೆಯವರೂ ತಮ್ಮ ಕುರಿಗಳಿಗೆ ಒಂದೊಂದು ಗುರುತು ಹಾಕುತ್ತಿದ್ದರು. ನಮ್ಮದು ಕೊರಳಿಗೆ ಕೆಮ್ಮಣ್ಣಿನ ಪಟ್ಟೆ.

ಒಂದು ಬೆಳಿಗ್ಗೆ ನೆರೆಮನೆಯವರ ಕುರಿಯ ಮೈಮೇಲೆ ಅಣ್ಣ ಆ ಕೆಂಪು ಕಂಡ. ಪಟ್ಟೆ ಇನ್ನೂ ಹಸಿ ಇರುವಾಗಲೇ ನಮ್ಮ ಟಗರು ಹೋಗಿ ಅದಕ್ಕೆ ಮೈ ತಿಕ್ಕಿತ್ತು, ಅಷ್ಟೆ. ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಆ ದಿನಗಳಲ್ಲಿ ಅಣ್ಣನಿಗೆ ಪ್ರಶ್ನೆಗಿಂತ ಮೊದಲೇ ಉತ್ತರ ಬಂದುಬಿಡುತ್ತಿತ್ತು.

“ನಮ್ಮ ಗುರುತು ಅವರು ತಗೊಂಡಾರ. ತಮ್ಮ ಗುರುತು ನನಗ ಹಾಕ್ಯಾರ,” ಎಂದು ಕೊರಳು ಮುಟ್ಟಿಕೊಂಡ.

ಅವ್ವ ಅವನ ಕೊರಳನ್ನು ಬೆಳಕಿಗೆ ತಿರುಗಿಸಿ ನೋಡಿದಳು. “ಏನೂ ಇಲ್ಲಪ್ಪ.”

“ಹಾಕಿ ತೊಳದಾರ. ಅದಕ್ಕ ಕಾಣವಲ್ದು.”

ಅವನ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಅವ್ವ ಮಾತ್ರ ವಾದಕ್ಕಿಳಿಯಲಿಲ್ಲ. ಕೆಮ್ಮಣ್ಣು ಕಲಸಿ ತಂದು ಅವನ ಕೊರಳಿಗೆ ನಮ್ಮ ಮನೆಯ ಪಟ್ಟೆ ಎಳೆದಳು.

“ಈಗ ನೀ ನಮ್ಮಾಂವ. ಬಾ, ಉಣ್ಣು.”

ಅಣ್ಣ ನಕ್ಕ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ರೊಟ್ಟಿ ಉಂಡ. ಸದ್ಯ ಪಾರಾದೆವು ಎಂದು ನಾವು ಉಸಿರು ಬಿಟ್ಟೆವು.

ಕೈ ತೊಳೆಯುತ್ತ ಅವನು ಮೆಲ್ಲಗೆ ಕೇಳಿದ: “ಅವ್ವಾ, ಇದನ್ನ ಹಚ್ಚಂತ ನಿನಗ ಹೇಳಿದವ್ರು ಯಾರು?”